ಮುನ್ನೂರು ಕಿಲೋಮೀಟರಿಗೆ ಒಂದು ಗಂಟೆ ಏಕೆ?

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಈ ಪುಟ್ಟ ಹಾದಿಯ ಬಗ್ಗೆ ನಾವು ವರ್ಷಗಟ್ಟಲೆ ನಂಬಿಕೊಂಡು ಬಂದ ಕೆಲವು ಮಾತುಗಳು ಲೆಕ್ಕಕ್ಕೆ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ವಿಮಾನದ ವೇಗ ಗಂಟೆಗೆ 800 ಕಿ.ಮೀ.; ಇಪ್ಪತ್ತೈದು ನಿಮಿಷ ಸಾಕು. ವೇಳಾಪಟ್ಟಿಯ ಒಂದು ಗಂಟೆ ಕಂಪನಿಗಳ ಕಳ್ಳಲೆಕ್ಕ.

ವಾಸ್ತವ: ವೇಳಾಪಟ್ಟಿಯ ಗಡಿಯಾರ ವಿಮಾನ ನಿಂತಲ್ಲಿಂದ ಅಲುಗಿದಾಗ ಶುರುವಾಗಿ, ಇನ್ನೊಂದು ಊರಿನಲ್ಲಿ ನಿಂತಾಗ ಮುಗಿಯುತ್ತದೆ. ರನ್‌ವೇವರೆಗಿನ ನಿಧಾನದ ಓಟ, ಅಲ್ಲಿನ ಸರದಿ, ಇಳಿದ ಮೇಲಿನ ಓಟ ಎಲ್ಲವೂ ಅದರೊಳಗೇ. ಆಕಾಶದಲ್ಲೂ ಪೂರ್ಣ ವೇಗ ಉದ್ದಕ್ಕೂ ಸಿಗದು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮಿತಿ. ಏರುವುದು ಮುಗಿದು ಹೆಚ್ಚು ಹೊತ್ತಾಗುವ ಮೊದಲೇ ಇಳಿಯುವ ಸಿದ್ಧತೆ. ತಡವಾದರೂ ಸಮಯಕ್ಕೆ ಬಂದಂತೆ ಕಾಣಲೆಂದು ಕಂಪನಿಗಳು ಕೆಲವು ನಿಮಿಷ ಸೇರಿಸಿಕೊಳ್ಳುವುದುಂಟು. ಅಷ್ಟರಮಟ್ಟಿಗೆ ದೂರು ನ್ಯಾಯವೇ.

ತಪ್ಪು ಕಲ್ಪನೆ: ವಿಮಾನ ನಕ್ಷೆಯ ಗೆರೆಯ ಮೇಲೇ ಹೋಗುತ್ತದೆ, ಪಶ್ಚಿಮಕ್ಕೆ ಹಾರುವಾಗ ಭೂಮಿಯೇ ತಿರುಗಿ ಊರನ್ನು ಹತ್ತಿರ ತರುತ್ತದೆ.

ವಾಸ್ತವ: ಭೂಮಿಯ ಜೊತೆ ಗಾಳಿಯೂ ಸುತ್ತುತ್ತದೆ, ವಿಮಾನವೂ ಸುತ್ತುತ್ತದೆ. ನಮ್ಮ ಅಕ್ಷಾಂಶದಲ್ಲಿ ಆ ವೇಗ ಗಂಟೆಗೆ 1,600 ಕಿ.ಮೀ.ಗೂ ಮಿಕ್ಕಿದ್ದು. ನಂಬಿಕೆ ನಿಜವಾಗಿದ್ದರೆ ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯ ಮೇಲೆ ಹೆಲಿಕಾಪ್ಟರ್ ಹನ್ನೊಂದು ನಿಮಿಷ ನಿಂತಲ್ಲೇ ನಿಂತರೂ ಮಂಗಳೂರು ಕೆಳಗೆ ಬಂದಿರಬೇಕಿತ್ತು.

ವ್ಯತ್ಯಾಸ ಮಾಡುವುದು ಗಾಳಿ ಮತ್ತು ರನ್‌ವೇ. ವಿಮಾನಗಳು ಸಾಧ್ಯವಾದಷ್ಟೂ ಎದುರುಗಾಳಿಗೆ ಏರುತ್ತವೆ, ಎದುರುಗಾಳಿಗೇ ಇಳಿಯುತ್ತವೆ. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮುಂಗಾರಿನ ಪಡುವಣ ಗಾಳಿಯಲ್ಲಿ ಏರುವಾಗಲೇ ಮೂತಿ ಮಂಗಳೂರಿನ ಕಡೆಗೆ. ಚಳಿಗಾಲದ ಮೂಡಣ ಗಾಳಿಯಲ್ಲಾದರೆ ಪೂರ್ವಕ್ಕೆ ಏರಿ, ತಿರುಗಿ, ಮತ್ತೆ ಪಶ್ಚಿಮದ ಹಾದಿ ಹಿಡಿಯಬೇಕು. ಮಂಗಳೂರಿನಿಂದ ಬರುವವರಿಗೆ ಇದು ತಿರುಗುಮುರುಗು: ಮುಂಗಾರಿನಲ್ಲಿ ನಿಲ್ದಾಣವನ್ನು ದಾಟಿ ಮುಂದೆ ಹೋಗಿ, ಹಿಂತಿರುಗಿ ಇಳಿಯಬೇಕು. ಗೆರೆಯ ಉದ್ದಕ್ಕೆ ಹತ್ತಾರು ಕಿ.ಮೀ. ಸೇರುವುದು ಹೀಗೆ.

ತಪ್ಪು ಕಲ್ಪನೆ: ರೆಕ್ಕೆಗೆ ಪಂಖವಿರುವ ಎಟಿಆರ್ ವಿಮಾನ ಹಳೇ ಕಾಲದ್ದು, ಹತ್ತಿದರೆ ಎರಡರಷ್ಟು ಹೊತ್ತು.

ವಾಸ್ತವ: ಆ ಪಂಖವನ್ನು ತಿರುಗಿಸುವುದೂ ಟರ್ಬೈನ್ ಎಂಜಿನ್ನೇ. ವೇಗ ಗಂಟೆಗೆ ಸುಮಾರು 500 ಕಿ.ಮೀ. ಇಷ್ಟು ಸಣ್ಣ ಹಾದಿಯಲ್ಲಿ ಜೆಟ್‌ಗಿಂತ ಹತ್ತು-ಹದಿನೈದು ನಿಮಿಷ ಹೆಚ್ಚಾದೀತು, ಅಷ್ಟೆ.

ತಪ್ಪು ಕಲ್ಪನೆ: ಬಜಪೆಯ ಮೇಲೆ ವಿಮಾನ ಸುತ್ತು ಹಾಕಿದರೆ ಏನೋ ಕೆಟ್ಟಿದೆ, ರಾಹುಕಾಲದಲ್ಲಿ ಹೊರಟದ್ದಕ್ಕೇ ಹೀಗೆ.

ವಾಸ್ತವ: ಈ ಭಯವನ್ನು ಹಗುರವಾಗಿ ಕಾಣಲಾಗದು. 2010ರ ಮೇ 22ರಂದು ಇದೇ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಬಿದ್ದ ವಿಮಾನದಲ್ಲಿ 158 ಜನ ತೀರಿಕೊಂಡರು. ಆದರೆ ತನಿಖೆ ಕಂಡುಕೊಂಡ ನೇರ ಕಾರಣ ನೋಡಿ: ಹದ ತಪ್ಪಿದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದೆ ಇದ್ದದ್ದು. ನಾವು ಹೆದರುವ ಸುತ್ತು ಅಂದು ನಡೆಯಲಿಲ್ಲ. ರಾಹುಕಾಲ ಎಲ್ಲ ದಿನವೂ ಸುಮಾರು ಒಂದೂವರೆ ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಹೊರಟ ವಿಮಾನಗಳೂ ದಿನವೂ ಸಮಯಕ್ಕೆ ಇಳಿಯುತ್ತಿವೆ. ಕಾಯಿಸುವುದು ಮಳೆಮೋಡ, ಮಂಜು, ಸರದಿಯಲ್ಲಿ ಮುಂದಿರುವ ವಿಮಾನ. ಕಾಯುವ ಒಂದು ಸುತ್ತಿಗೆ ಸಾಮಾನ್ಯವಾಗಿ ನಾಲ್ಕು ನಿಮಿಷ. ಇಳಿಯಲಾಗದಿದ್ದರೆ ಬೇರೆ ನಿಲ್ದಾಣ ತಲುಪುವಷ್ಟು, ಅದರ ಮೇಲೆ ಅರ್ಧ ಗಂಟೆ ಹಾರುವಷ್ಟು ಇಂಧನ ಹೊರಡುವಾಗಲೇ ತುಂಬಿರಬೇಕೆಂಬುದು ನಿಯಮ.