ಎಮ್ಮೆ ಬೆಣ್ಣೆ ಬೆಳ್ಳಗಿದೆ, ಹಾಗಾದರೆ ಅದರಲ್ಲಿ ವಿಟಮಿನ್ ಎ ಇಲ್ಲವೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಆಕಳನ್ನೂ ಸಾಕುತ್ತಾರೆ, ಎಮ್ಮೆಯನ್ನೂ ಸಾಕುತ್ತಾರೆ. ಒಂದೇ ಹೊಲದ ಹಸಿ ಮೇವು ತಿಂದರೂ ಆಕಳ ಬೆಣ್ಣೆ ಹಳದಿ, ಎಮ್ಮೆಯ ಬೆಣ್ಣೆ ಅಚ್ಚ ಬಿಳಿ. ಹಳದಿ ಇದ್ದರೆ ಮಾತ್ರ ವಿಟಮಿನ್ ಎ ಇರುತ್ತದೆ ಎಂದು ನಂಬುವವರಿದ್ದಾರೆ. ಇದು ನಿಜವೇ?

ಅಲ್ಲ. ಆ ಹಳದಿ ಬೀಟಾ ಕ್ಯಾರೊಟಿನ್‌ನ ಬಣ್ಣ. ಅದು ವಿಟಮಿನ್ ಎ ತಯಾರಾಗುವ ಕಚ್ಚಾವಸ್ತು. ಕರುಳಿನಲ್ಲಿರುವ ಬಿಸಿಒ1 ಎಂಬ ಕಿಣ್ವ ಆಮ್ಲಜನಕವನ್ನು ಬಳಸಿಕೊಂಡು ಅದರ ಅಣುವನ್ನು ನಟ್ಟನಡುವೆ ಸೀಳುತ್ತದೆ. ಆಗ ಸಿಗುವ ಎರಡು ತುಂಡುಗಳೇ ಮುಂದೆ ವಿಟಮಿನ್ ಎ ಆಗುತ್ತವೆ. ಕ್ಯಾರೊಟಿನ್‌ನಂತೆ ಇದು ಬೆಣ್ಣೆಗೆ ಬಣ್ಣ ಕೊಡುವುದಿಲ್ಲ. ಎಮ್ಮೆ ಕ್ಯಾರೊಟಿನ್ ಅನ್ನು ಹೆಚ್ಚುಕಡಿಮೆ ಪೂರ್ತಿ ಪರಿವರ್ತಿಸುತ್ತದೆ. ಆಕಳಲ್ಲಿ ಒಂದಿಷ್ಟು ಹಾಗೇ ಉಳಿದು ಬೆಣ್ಣೆಗೆ ಸೇರುತ್ತದೆ. ಬೆಕ್ಕಿಗಂತೂ ಈ ಕೆಲಸ ಬಹುತೇಕ ಆಗುವುದೇ ಇಲ್ಲ. ಅದಕ್ಕೆ ಮಾಂಸವೇ ಬೇಕು.

ಕ್ಯಾರೊಟಿನ್ ದೇಹದೊಳಗೆ ವಿಟಮಿನ್ ಎ ಆಗುತ್ತದೆಂದು 1930ರಲ್ಲಿ ಥಾಮಸ್ ಮೂರ್ ಇಲಿಗಳಲ್ಲಿ ತೋರಿಸಿದರು.

ನಮ್ಮ ಕರುಳಿನಲ್ಲೂ ಇದೇ ಕಿಣ್ವವಿದೆ. ಆದರೆ ನಾವು ಎಮ್ಮೆಯಷ್ಟು ಸಮರ್ಥರಲ್ಲ. ಆಹಾರದ ಸುಮಾರು 12 ಮೈಕ್ರೋಗ್ರಾಂ ಬೀಟಾ ಕ್ಯಾರೊಟಿನ್ 1 ಮೈಕ್ರೋಗ್ರಾಂ ವಿಟಮಿನ್ ಎಗೆ ಸಮ ಎಂಬುದು ಪೌಷ್ಟಿಕಾಂಶ ತಜ್ಞರ ಲೆಕ್ಕ. ಬಿಸಿಒ1 ಜೀನ್‌ನ ವ್ಯತ್ಯಾಸದಿಂದ ಕೆಲವರಲ್ಲಿ ಇದು ಇನ್ನೂ ಕಡಿಮೆ. ಜೊತೆಗೆ ಕ್ಯಾರೊಟಿನ್ ಕರುಳಿನೊಳಗೆ ಹೀರಲ್ಪಡಲು ಕೊಬ್ಬು ಬೇಕು. ಹಾಗಾಗಿ ರೊಟ್ಟಿ, ಮೆಂತ್ಯ ಅಥವಾ ನುಗ್ಗೆ ಸೊಪ್ಪಿನ ಪಲ್ಯದ ಜೊತೆ ಬೆಣ್ಣೆಯೋ, ಎಣ್ಣೆ ಹಾಕಿದ ಶೇಂಗಾ ಹಿಂಡಿಯೋ ಇರುವುದು ಬರೀ ರುಚಿಗಲ್ಲ.

ಬಣ್ಣ ನೋಡುವ ಬದಲು ಎರಡು ಸಂಗತಿ ನೆನಪಿಡಿ. ವಿಟಮಿನ್ ಎ ಇರುವುದು ಹಾಲಿನ ಕೊಬ್ಬಿನಲ್ಲಿ. ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಅದು ಅತ್ಯಲ್ಪ. ಬಿಸಿಲಿಗೆ ಒಣಗಿದ ಮೇವಿನಲ್ಲಿ ಕ್ಯಾರೊಟಿನ್ ಬಹಳಷ್ಟು ನಾಶವಾಗಿರುತ್ತದೆ. ಬೇಸಿಗೆಯಲ್ಲಿ ಬರೀ ಕಣಿಕೆ ತಿನ್ನುವ ಎಮ್ಮೆಯ ಹಾಲಿನಲ್ಲೂ ವಿಟಮಿನ್ ಎ ಇಳಿಯಬಹುದು.

ವಿಟಮಿನ್ ಎ ಕೊರತೆಯಾದರೆ ಮಕ್ಕಳಿಗೆ ಮೊದಲು ಕಾಡುವುದು ಇರುಳುಗುರುಡು, ಹೆಚ್ಚಾದರೆ ದೃಷ್ಟಿಯೇ ಹೋಗಬಹುದು. ಅದಕ್ಕೇ ಸರ್ಕಾರ 9 ತಿಂಗಳಿಗೆ 1 ಲಕ್ಷ ಯೂನಿಟ್, ನಂತರ 5 ವರ್ಷದವರೆಗೆ ಪ್ರತಿ 6 ತಿಂಗಳಿಗೆ 2 ಲಕ್ಷ ಯೂನಿಟ್ ವಿಟಮಿನ್ ಎ ದ್ರಾವಣ ಕೊಡುತ್ತದೆ. ಈ ಡೋಸ್ ತಪ್ಪಿಸಬೇಡಿ, ಕೇಳದೆ ಹೆಚ್ಚುವರಿಯಾಗಿಯೂ ಕೊಡಬೇಡಿ. ಸಿದ್ಧ ವಿಟಮಿನ್ ಎ ಅತಿಯಾದರೆ ವಿಷ. ಸೊಪ್ಪು, ಗಜ್ಜರಿಯಿಂದ ಆ ಭಯವಿಲ್ಲ, ಏಕೆಂದರೆ ದೇಹದಲ್ಲಿ ಸಾಕಷ್ಟು ವಿಟಮಿನ್ ಎ ಇದ್ದಾಗ ಬಿಸಿಒ1 ತನ್ನ ಕೆಲಸ ತಗ್ಗಿಸುತ್ತದೆ. ಅಂಗೈ ಹಳದಿಯಾಗಬಹುದು, ಅಷ್ಟೇ. ಮಗು ಮುಸ್ಸಂಜೆಯಲ್ಲಿ ತಡವರಿಸುತ್ತಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.