ಭಯಕ್ಕೊಂದು ಪಥ್ಯ

ಇವತ್ತು ನಾವು ಕಾಣುವ ಮುಂಬೈಯ ದಾದರ್ ರೂಪುಗೊಂಡದ್ದು ಕಾಯಿಲೆಯ ಹೆದರಿಕೆಯಿಂದ. 1896ರಲ್ಲಿ ಮುಂಬೈಗೆ ಪ್ಲೇಗ್ ಬಡಿಯಿತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸಾಯತೊಡಗಿದರು, ಉಳಿದವರು ಊರು ಬಿಟ್ಟು ಓಡಿದರು. 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಊರನ್ನು ಉತ್ತರಕ್ಕೆ ಹರಡಲು ಹೊರಟಿತು. ದಾದರ್, ಮಾಟುಂಗಾ, ವಡಾಲಾ, ಸಯನ್ ಕಡೆಯ ಬಯಲಿನಲ್ಲಿ ಅಗಲ ರಸ್ತೆ, ಮನೆಮನೆಯ ನಡುವೆ ತೆರಪು, ಅಲ್ಲಲ್ಲಿ ಉದ್ಯಾನ ಎಂದು ನಕ್ಷೆ ಎಳೆಯಿತು. ಹಿಂದೂ ಕಾಲೊನಿ, ಪಾರ್ಸಿ ಕಾಲೊನಿಗಳೆಲ್ಲ ಎದ್ದದ್ದು ಹಾಗೆ.

ಆರೋಗ್ಯಕ್ಕೆಂದೇ ಕಟ್ಟಿದ ಈ ಬಡಾವಣೆಯಲ್ಲಿ ಆರೋಗ್ಯಕರ ಊಟ ಯಾವುದು ಎಂಬುದರ ಬಗ್ಗೆ ಮಾತ್ರ ನೂರು ವರ್ಷವಾದರೂ ಒಮ್ಮತವಿಲ್ಲ. ದಾದರ್–ಮಾಟುಂಗಾದ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳಿ. ಕಾರ್ಕಳದ ಕಡೆಯ ಅಜ್ಜಿಗೆ ಕುಚ್ಚಲಕ್ಕಿ ಗಂಜಿಯ ಮೇಲೊಂದು ಚಮಚ ತುಪ್ಪ ಬೀಳದಿದ್ದರೆ ಅದು ಊಟವೇ ಅಲ್ಲ. ಐವತ್ತೈದು ದಾಟಿದ ಮಗನಿಗೆ ತುಪ್ಪದ ಡಬ್ಬಿ ಕಂಡರೇ ಎದೆ ಹಿಡಿದಂತಾಗುತ್ತದೆ, ಎರಡು ಒಣ ಚಪಾತಿ ಸಾಕು ಅನ್ನುತ್ತಾನೆ. ಜಿಮ್‌ಗೆ ಹೋಗುವ ಮೊಮ್ಮಗಳು ಅಕ್ಕಿ, ಗೋಧಿ ಎರಡನ್ನೂ ಪಕ್ಕಕ್ಕೆ ಸರಿಸಿ ಮೊಟ್ಟೆ, ಪನೀರ್‌ಗಳ ಗ್ರಾಂ ಲೆಕ್ಕ ಹಾಕುತ್ತಾಳೆ. "ಇಷ್ಟೇ ತಿಂದ್ರೆ ಸೊರಗಿ ಹೋಗ್ತಿ ಮಗಾ" ಎಂದರೆ, "ಅಷ್ಟು ಅನ್ನ ತಿಂದ್ರೆ ಶುಗರ್ ಬರ್ತದೆ ಅಜ್ಜಿ" ಎಂಬ ಉತ್ತರ ಬರುತ್ತದೆ.

ಇದನ್ನು ಹಳಬರು–ಹೊಸಬರ ಜಗಳ ಎಂದೋ, ತಿಳಿದವರು–ತಿಳಿಯದವರ ಜಗಳ ಎಂದೋ ತಳ್ಳಿಹಾಕುವುದು ಸುಲಭ. ಆದರೆ ಮೂವರ ಮಾತಿಗೂ ಆಧಾರವಿದೆ. ಪ್ರತಿಯೊಬ್ಬರೂ ತಾವು ಬೆಳೆದ ಕಾಲದ ದೊಡ್ಡ ಭಯಕ್ಕೆ ಮದ್ದನ್ನು ತಟ್ಟೆಯಲ್ಲಿ ಹುಡುಕುತ್ತಿದ್ದಾರೆ. ಆ ಭಯಗಳು ಒಂದರ ಮೇಲೊಂದು ಬಂದುಹೋದ ಗುರುತು ದಾದರ್‌ನ ಬೀದಿಗಳಲ್ಲಿ ಇಂದಿಗೂ ಇದೆ.

ಶುಚಿಯೇ ಆರೋಗ್ಯ

ಪ್ಲೇಗು, ಕಾಲರಾಗಳ ಕಾಲದಲ್ಲಿ ಹೊರಗೆ ತಿನ್ನುವುದೇ ಅಪಾಯ. ಯಾವ ನೀರು, ಯಾರ ಕೈ ಎಂಬುದು ಮೊದಲ ಪ್ರಶ್ನೆ. 1910ರಲ್ಲಿ ದಾದರ್‌ನಲ್ಲಿ ಶುರುವಾದ ಮಾಮಾ ಕಾಣೆಯವರ ಉಪಾಹಾರ ಗೃಹ ತನ್ನ ಹೆಸರಿನಲ್ಲೇ 'ಸ್ವಚ್ಛ' ಎಂಬುದನ್ನು ಸೇರಿಸಿಕೊಂಡಿತು. ಅಲ್ಲಿನ ಹೆಸರಾದ ತಿಂಡಿ ಎಣ್ಣೆಯಲ್ಲಿ ಕರಿದ ಬಟಾಟೆ ವಡೆ. ಕರಿದದ್ದು ಕೆಟ್ಟದ್ದು ಎಂದು ಆಗ ಯಾರಿಗೂ ಅನ್ನಿಸಿರಲಾರದು. ಕುದಿಯುವ ಎಣ್ಣೆಯಿಂದ ನೇರ ತಟ್ಟೆಗೆ ಬಂದದ್ದರಲ್ಲಿ ರೋಗಾಣು ಉಳಿಯುವುದಿಲ್ಲ ಎಂಬ ಧೈರ್ಯ ದೊಡ್ಡದು.

ಶುಚಿಯ ಜೊತೆಗೇ ಮಡಿಯೂ ಬಂತು. ಆ ಕಾಲದ ಎಷ್ಟೋ ಹೋಟೆಲುಗಳು ಅಡುಗೆಯವರ ಜಾತಿಯನ್ನು ಫಲಕದಲ್ಲೇ ಬರೆಸುತ್ತಿದ್ದವು. ಉಡುಪಿಯ ಹೋಟೆಲಿಗರಿಗೂ ಅದು ಮೊದಮೊದಲು ಬಂಡವಾಳವೇ ಆಗಿತ್ತು. ತೊಳೆದ ಪಾತ್ರೆಯೂ ಮಡಿ ಬಟ್ಟೆಯೂ ಒಂದೇ ಎಂಬಂತೆ ನಡೆದುಕೊಂಡ ಇದೇ ದಾದರ್‌ನ ಹಿಂದೂ ಕಾಲೊನಿಯಲ್ಲಿ 1930ರ ದಶಕದಲ್ಲಿ ಅಂಬೇಡ್ಕರ್ ತಮ್ಮ ಮನೆ 'ರಾಜಗೃಹ'ವನ್ನು ಕಟ್ಟಿಸಿದರು. ಅದಕ್ಕೂ ಮೊದಲು, 1927ರಲ್ಲಿ, ಮಹಾಡದ ಕೆರೆಯ ನೀರು ಮುಟ್ಟಿ ಕುಡಿಯುವುದಕ್ಕಾಗಿಯೇ ಅವರು ಸತ್ಯಾಗ್ರಹ ನಡೆಸಬೇಕಾಗಿ ಬಂದಿತ್ತು. 'ಶುದ್ಧ' ಎಂದು ಬರೆದ ಫಲಕ ಕಂಡಾಗ ಅದು ಯಾರನ್ನು ಒಳಗೆ ಕರೆಯಿತು, ಯಾರನ್ನು ಹೊರಗೆ ನಿಲ್ಲಿಸಿತು ಎಂಬ ಲೆಕ್ಕವನ್ನೂ ಇಡಬೇಕು. 'ಸಾತ್ವಿಕ' ಎಂಬ ಇಂದಿನ ಜಾಹೀರಾತಿನಲ್ಲೂ ಆರೋಗ್ಯದ ಜೊತೆ ಆ ಹಳೆಯ ಮಡಿ ಸ್ವಲ್ಪ ಬೆರೆತೇ ಇರುತ್ತದೆ. ಮೀನುಗಾರ್ತಿಯರು ಮಾರುವ ಬಂಗುಡೆಯಲ್ಲಿ ಹೃದಯಕ್ಕೆ ಒಳ್ಳೆಯ ಒಮೆಗಾ–3 ಕೊಬ್ಬು ತುಂಬಿದ್ದರೂ ಸಾತ್ವಿಕರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಹೊಟ್ಟೆ ತುಂಬಿದರೆ ಆರೋಗ್ಯ

ಎರಡನೆಯ ಭಯ ಹಸಿವಿನದು. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷ ಮುಂಬೈಯಲ್ಲಿ ಪಡಿತರ ಜಾರಿಗೆ ಬಂತು. ಮೂರು ಹೊತ್ತೂ ಅನ್ನ ಉಂಡು ಬೆಳೆದ ಕರಾವಳಿಯವರು ಗೋಧಿ ತಿನ್ನಲು ಕಲಿತದ್ದರ ಹಿಂದೆ ಆರೋಗ್ಯದ ಯೋಚನೆ ಇರಲಿಲ್ಲ, ಕಾರ್ಡಿಗೆ ಸಿಕ್ಕಿದ್ದು ಅದು. ಅದೇ 1942ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಷನ್ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಊರು ಬಿಟ್ಟು ಬಂದ ಗುಮಾಸ್ತ, ವಿದ್ಯಾರ್ಥಿ, ಒಂಟಿ ನೌಕರರಿಗೆ ಬಾಳೆಎಲೆಯ ಮೇಲೆ ಬೇಕಾದಷ್ಟು ಬಡಿಸುವ ಊಟ ಎಂದರೆ ಅದಕ್ಕಿಂತ ಆರೋಗ್ಯ ಬೇರೆ ಇರಲಿಲ್ಲ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಸೋಮವಾರ ರಾತ್ರಿ ಒಂದು ಹೊತ್ತು ಉಪವಾಸವಿರಿ ಎಂದು ಕೇಳಿಕೊಂಡಾಗ ದೇಶದ ಎಷ್ಟೋ ಹೋಟೆಲುಗಳು ಆ ಸಂಜೆ ಬಾಗಿಲೆಳೆದುಕೊಂಡವು. ಅದನ್ನು ಕಂಡು ಬೆಳೆದವರು ಇವತ್ತೂ ಮೊಮ್ಮಕ್ಕಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾರೆ.

ಅಕ್ಕಿಯೋ ಗೋಧಿಯೋ ಎಂಬ ವ್ಯಾಜ್ಯವೂ ಆ ಕಾಲದ್ದೇ. ಕೂನೂರಿನಲ್ಲಿದ್ದ ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್‌ಕ್ಯಾರಿಸನ್ 1920ರ ದಶಕದಲ್ಲಿ ಇಲಿಗಳಿಗೆ ಭಾರತದ ಬೇರೆ ಬೇರೆ ಸೀಮೆಯ ಊಟ ಹಾಕಿ ತೂಕ ನೋಡಿದರು. ಸಿಖ್ಖರ ಊಟ ತಿಂದ ಇಲಿಗಳು ಮೊದಲ ಸ್ಥಾನ ಪಡೆದವು. ಅವುಗಳ ಹಿಂದೆ ಪಠಾಣರ, ಮರಾಠರ, ಗೂರ್ಖರ ಊಟದವು, ಆಮೇಲೆ ಕನ್ನಡಿಗರದ್ದು. ಬಂಗಾಳಿ, ಮದ್ರಾಸಿ ಊಟದವು ಕೊನೆಗೆ ಉಳಿದವು. ಗೋಧಿ ತಿನ್ನುವವನು ಗಟ್ಟಿ, ಅನ್ನ ತಿನ್ನುವವನು ಪೀಚು ಎಂಬ ನಂಬಿಕೆಗೆ ಪ್ರಯೋಗಶಾಲೆಯ ಮುದ್ರೆ ಬಿತ್ತು. ಆದರೆ ಸಿಖ್ಖರ ತಟ್ಟೆಯಲ್ಲಿ ರೊಟ್ಟಿಯ ಜೊತೆ ಹಾಲು, ತುಪ್ಪ, ಬೇಳೆ, ತರಕಾರಿಯೂ ಇತ್ತು ಎಂಬುದನ್ನು ಜನ ಮರೆತರು. ಅನ್ನದ ತಟ್ಟೆಯ ದೋಷಕ್ಕೆ ಪಾಲಿಶ್ ಮಾಡಿದ ಅಕ್ಕಿಯೂ ಹಾಲು–ಸೊಪ್ಪಿನ ಕೊರತೆಯೂ ಕಾರಣವಾಗಿದ್ದವು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಕುಚ್ಚಲಕ್ಕಿಯಲ್ಲಿ ತೌಡಿನ ಬಿ ಜೀವಸತ್ವ ಕಾಳಿನೊಳಗೆ ಇಳಿದು ಉಳಿಯುತ್ತದೆ. ಅದನ್ನು ಉಣ್ಣುವವರಿಗೆ ಬೆರಿಬೆರಿ ಕಾಯಿಲೆ ಅಷ್ಟಾಗಿ ತಟ್ಟುತ್ತಿರಲಿಲ್ಲ. ಬಿಳಿ ಅಕ್ಕಿಗೂ ಬೆರಿಬೆರಿಗೂ ಇರುವ ನಂಟನ್ನು ಜಾವಾದ ಕೋಳಿಗಳಲ್ಲಿ ಕಂಡ ಕ್ರಿಸ್ಟಿಯಾನ್ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಜ್ಜಿಯ ಗಂಜಿಯ ಪರವಾಗಿಯೂ ವಿಜ್ಞಾನ ಸಾಕ್ಷಿ ಹೇಳಿದ್ದುಂಟು.

ಎದೆಯ ಭಯ

ಹೊಟ್ಟೆ ತುಂಬಿದ ಮೇಲೆ ಎದೆಯ ಚಿಂತೆ. ಅಮೆರಿಕದ ಹೃದಯ ಸಂಘ 1968ರಲ್ಲಿ ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆಯ ಹಳದಿ ಬೇಡ ಎಂದಿತು. ಆ ಮಾತು ಸಮುದ್ರ ದಾಟಿ ಬಂದು ನಮ್ಮ ಡಾಕ್ಟರುಗಳ ಬಾಯಲ್ಲಿ ನೆಲೆಸಿತು. ಬೇಯಿಸಿದ ತರಕಾರಿಯ ಮೇಲೂ ಮೊಟ್ಟೆ ಒಡೆದು ಹಾಕುವ ಪಾರ್ಸಿಗಳ ಅಡುಗೆಮನೆಗೆ ಇದು ಸಣ್ಣ ಆಘಾತವಲ್ಲ. ಮಧ್ಯಮ ವರ್ಗದ ಮನೆಗಳಲ್ಲಿ ತುಪ್ಪ ಹಬ್ಬಕ್ಕೆ ಸೀಮಿತವಾಯಿತು, ತೆಂಗಿನೆಣ್ಣೆ ತಲೆಗೆ ಮಾತ್ರ ಉಳಿಯಿತು, ಒಗ್ಗರಣೆಗೆ ರಿಫೈಂಡ್ ಬಂತು. ಅದಕ್ಕೂ ಮುಂಚೆ, 1937ರಿಂದ, ತುಪ್ಪದ ಜಾಗದಲ್ಲಿ ಕೂತದ್ದು ಡಾಲ್ಡಾ. ಅಂಥ ವನಸ್ಪತಿಯನ್ನು ಪುಷ್ಟಿಕರವೆಂದೇ ನಂಬಿ ಬಳಸಿದವರು ಲಕ್ಷಾಂತರ. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ತುಪ್ಪಕ್ಕಿಂತ ಹೃದಯಕ್ಕೆ ಕೆಡುಕು ಎಂದು ಗೊತ್ತಾಗುವ ಹೊತ್ತಿಗೆ ಎರಡು ತಲೆಮಾರು ಕಳೆದಿತ್ತು. ಎಣ್ಣೆ–ಕೊಬ್ಬಿನಲ್ಲಿ ಅದು ಶೇ 2ನ್ನು ಮೀರಬಾರದು ಎಂಬ ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದು 2022ರಲ್ಲಿ.

ಮೊಟ್ಟೆಯ ತೀರ್ಪೂ ಬದಲಾಯಿತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರಲ್ಲಿ ಕೈಬಿಟ್ಟಿತು. ತೆಂಗಿನೆಣ್ಣೆಗೆ ಆ ಅದೃಷ್ಟ ಒದಗಲಿಲ್ಲ. ಅದರ ಶೇ 80ಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು ಎಂಬ ಕಾರಣಕ್ಕೆ 2017ರಲ್ಲೂ ಹೃದಯ ಸಂಘ ಅದನ್ನು ಒಪ್ಪಲಿಲ್ಲ. ಮಂಗಳೂರು–ಉಡುಪಿಯವರು ಆ ತೀರ್ಪನ್ನು ಒಪ್ಪಿಲ್ಲ ಎಂಬುದು ಬೇರೆ ಮಾತು.

ಸಕ್ಕರೆಯ ಕಾಲ

ಈಗಿನದು ಸಕ್ಕರೆಯ ಭಯ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಐಸಿಎಂಆರ್–ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜಿಸಿತು. ಶಿವಾಜಿ ಪಾರ್ಕಿನ ಕಟ್ಟೆಯ ಸುತ್ತ ಬೆಳಗಿನ ಜಾವ ಬಿರಬಿರನೆ ನಡೆಯುವವರ ಮಾತಿನಲ್ಲಿ ರಾಜಕೀಯ, ಕ್ರಿಕೆಟ್ಟಿನ ಜೊತೆ ಎಚ್‌ಬಿಎ1ಸಿ ಎಂಬ ಸಕ್ಕರೆ ಪರೀಕ್ಷೆಯೂ ಸೇರಿದೆ.

ಈ ಭಯ ಮರಾಠಿ ಮನೆಗಳನ್ನು 2018ರ ಸುಮಾರಿಗೆ ಎರಡು ಪಕ್ಷವಾಗಿ ಒಡೆಯಿತು. ಒಂದು ಕಡೆ ಆಗ ಲಾತೂರಿನಲ್ಲಿ ವೈದ್ಯಕೀಯ ಪ್ರಾಧ್ಯಾಪಕರಾಗಿದ್ದ ಡಾ. ಜಗನ್ನಾಥ ದೀಕ್ಷಿತ್. ದಿವಂಗತ ಡಾ. ಶ್ರೀಕಾಂತ ಜಿಚಕಾರರ ವಿಚಾರವನ್ನು ಮುಂದುವರಿಸಿ ಅವರು ಹೇಳಿದ್ದು ಇಷ್ಟು: ದಿನಕ್ಕೆ ಎರಡೇ ಊಟ, ಪ್ರತಿ ಊಟ 55 ನಿಮಿಷದೊಳಗೆ, ನಡುವೆ ಏನೂ ಬೇಡ, 45 ನಿಮಿಷ ನಡಿಗೆ. ಬಾಯಿಗೆ ಏನಾದರೂ ಬಿದ್ದಾಗಲೆಲ್ಲ ಇನ್ಸುಲಿನ್ ಏರುತ್ತದೆ ಎಂಬುದು ಅವರ ತರ್ಕ. ಇನ್ನೊಂದು ಕಡೆ ಮುಂಬೈಯ ಆಹಾರತಜ್ಞೆ ರುಜುತಾ ದಿವೇಕರ್. 2009ರ ತಮ್ಮ ಪುಸ್ತಕದಲ್ಲಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ ಎಂದವರು. ತುಪ್ಪ, ಅನ್ನ, ಬಾಳೆಹಣ್ಣಿಗೆ ಮರಳಿ ಮರ್ಯಾದೆ ತಂದವರು. ಅಜ್ಜಿ ತಿಂದದ್ದನ್ನೇ ತಿನ್ನಿ ಎನ್ನುವವರು. ಒಬ್ಬರ ಪ್ರಕಾರ ಸಂಜೆ ನಾಲ್ಕರ ಚಹಾ–ಪೋಹಾ ತಪ್ಪು, ಇನ್ನೊಬ್ಬರ ಪ್ರಕಾರ ಅದನ್ನು ಬಿಡುವುದೇ ತಪ್ಪು. ಎರಡೂ ಕಡೆ ತೂಕ ಇಳಿಸಿಕೊಂಡವರ ಸಾಕ್ಷಿಗೆ ಬರವಿಲ್ಲ. ಎರಡೂ ಕ್ರಮದಲ್ಲಿ ಬೇಕರಿ ತಿಂಡಿ, ಹೊತ್ತಲ್ಲದ ಹೊತ್ತಿನ ಮೇಯುವಿಕೆ ತಾನಾಗಿ ಕಡಿಮೆಯಾಗುತ್ತದೆ ಎಂಬುದನ್ನು ಗಮನಿಸಿದರೆ ಇದು ಅಂಥ ವಿಚಿತ್ರವೇನಲ್ಲ.

ಅಜ್ಜಿ ತಿಂದದ್ದೇ ಸರಿ ಎಂಬುದಕ್ಕೂ ಮಿತಿಯಿದೆ. ಏಕಾದಶಿಯ ದಿನ ಇಲ್ಲಿ ಮನೆಮನೆಯಲ್ಲಿ ಸಾಬೂದಾನಿ ಖಿಚಡಿ, ಶಿವಾಜಿ ಪಾರ್ಕ್ ಬಳಿಯ 'ಪ್ರಕಾಶ್'ನಂಥ ಹೋಟೆಲುಗಳಲ್ಲಿ ಸಾಬೂದಾನಿ ವಡೆ. ಪುರಾತನ ಫಲಾಹಾರವೆಂದೇ ಎಲ್ಲರ ನಂಬಿಕೆ. ಆದರೆ ಸಾಬೂದಾನಿಯ ಮರಗೆಣಸು, ಆಲೂಗಡ್ಡೆ, ಶೇಂಗಾ, ಹಸಿಮೆಣಸು ನಾಲ್ಕೂ ಅಮೆರಿಕ ಖಂಡಗಳಿಂದ, ಐರೋಪ್ಯರ ಹಡಗಿನ ಕಾಲದಲ್ಲಿ ಬಂದವು. ಸಾಬೂದಾನಿ ಹೆಚ್ಚುಕಡಿಮೆ ಬರೀ ಪಿಷ್ಟ. ಸಕ್ಕರೆ ಕಾಯಿಲೆಯವರಿಗೆ ಉಪವಾಸದ ದಿನವೇ ಕಷ್ಟದ ದಿನವಾಗುವುದುಂಟು. ಏಕಾದಶಿಗೆ ಇಮ್ಮಡಿ ತಿನ್ನುವವರನ್ನು ಮರಾಠಿ ಗಾದೆಯೊಂದು ಆಗಲೇ ಚೇಷ್ಟೆ ಮಾಡಿದೆ.

ಅನ್ನವೋ ಚಪಾತಿಯೋ ಎಂಬ ಹಳೆಯ ವ್ಯಾಜ್ಯಕ್ಕೂ ಈಗ ಒಂದು ಮಟ್ಟಿನ ಉತ್ತರ ಬಂದಿದೆ. ಇಂಡಿಯಾಬ್ ತಂಡ 2025ರಲ್ಲಿ ಪ್ರಕಟಿಸಿದಂತೆ ಭಾರತೀಯರ ಶಕ್ತಿಯಲ್ಲಿ ಸುಮಾರು ಶೇ 62 ಬರುವುದು ಕಾರ್ಬೋಹೈಡ್ರೇಟಿನಿಂದ, ಪ್ರೋಟೀನಿನಿಂದ ಸುಮಾರು ಶೇ 12 ಮಾತ್ರ. ಕಾರ್ಬೋಹೈಡ್ರೇಟಿನ ಒಟ್ಟು ಪ್ರಮಾಣ ಇಳಿಸದೆ ಬಿಳಿ ಅನ್ನದ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದರೆ ಮಧುಮೇಹದ ಅಪಾಯ ತಗ್ಗುವ ಲಕ್ಷಣ ಕಾಣಲಿಲ್ಲ. ಕಾರ್ಬೋಹೈಡ್ರೇಟಿನ ಸ್ವಲ್ಪ ಭಾಗದ ಜಾಗಕ್ಕೆ ಬೇಳೆಕಾಳು, ಹಾಲು–ಮೊಸರು ಬಂದಾಗ ಆ ಲಕ್ಷಣ ಕಂಡಿತು. ಅಂದರೆ ಅನ್ನದ ರಾಶಿಯನ್ನು ಚಪಾತಿಯ ರಾಶಿಯಾಗಿ ಬದಲಿಸಿ ಬೀಗುವ ಮಗನದ್ದೂ ಪೂರ್ತಿ ಗೆಲುವಲ್ಲ. ಗಂಜಿ ಇರಲಿ, ಒಂದು ಸೌಟು ಕಡಿಮೆ ಇರಲಿ, ಪಕ್ಕದಲ್ಲಿ ಹೆಸರುಕಾಳಿನ ಪಲ್ಯ ದೊಡ್ಡದಿರಲಿ ಎಂದರೆ ಆ ಮನೆಯ ಮೂವರೂ ಒಪ್ಪಬಹುದು.

ಓಡುವವನ ಊಟ

ಇಷ್ಟೆಲ್ಲ ಚರ್ಚೆ ಆಯ್ಕೆ ಇರುವವರದ್ದು. ದಾದರ್ ಸ್ಟೇಷನ್ನಿನಲ್ಲಿ ಪಶ್ಚಿಮ ಮತ್ತು ಮಧ್ಯ ರೈಲುಗಳೆರಡೂ ಕೂಡುತ್ತವೆ. ಒಂದು ಲೋಕಲ್ ಇಳಿದು ಇನ್ನೊಂದಕ್ಕೆ ಓಡುವವನ ಪ್ರಶ್ನೆ ಬೇರೆ: ಮನೆ ಸೇರುವುದು ರಾತ್ರಿ ಹತ್ತಕ್ಕೆ, ಅಲ್ಲಿಯವರೆಗೆ ಏನು? ಈ ಪ್ರಶ್ನೆಗೆ ಉತ್ತರ ಹುಟ್ಟಿದ್ದೂ ಇಲ್ಲೇ. 1966ರ ಹೊತ್ತಿಗೆ ಸ್ಟೇಷನ್ ಹೊರಗೆ ಅಶೋಕ ವೈದ್ಯ ಎಂಬವರು ವಡೆಯನ್ನು ಪಾವಿನೊಳಗೆ ಇಟ್ಟು ಮಾರಿದರು ಎಂಬುದು ಹೆಚ್ಚಿನವರು ಒಪ್ಪಿದ ಕತೆ. ಅದೇ ವರ್ಷ ಹುಟ್ಟಿದ ಶಿವಸೇನೆ ಉಡುಪಿ ಹೋಟೆಲುಗಳ ಮೇಲೆ ಹರಿಹಾಯುತ್ತ ವಡಾಪಾವನ್ನು ಮರಾಠಿ ಯುವಕರ ಸ್ವಂತ ದುಡಿಮೆಯಾಗಿ ಎತ್ತಿ ಹಿಡಿಯಿತು. ಹಬೆಯಲ್ಲಿ ಬೆಂದ ಇಡ್ಲಿಗೂ ಕರಿದ ವಡೆಗೂ ನಡೆದ ಆ ಪೈಪೋಟಿಯಲ್ಲಿ ಆರೋಗ್ಯದ ಮಾತು ಎಲ್ಲೂ ಇರಲಿಲ್ಲ. 1982ರ ಗಿರಣಿ ಮುಷ್ಕರದ ನಂತರ ಕೆಲಸ ಕಳೆದುಕೊಂಡ ಎಷ್ಟೋ ಕಾರ್ಮಿಕರು ಇದೇ ಗಾಡಿ ಹಾಕಿ ಬದುಕಿದರು.

ಇದಕ್ಕೆ ಬದಲಿಯನ್ನು ಸರ್ಕಾರಗಳೂ ಹುಡುಕಿದವು. 1995ರಲ್ಲಿ ಬಂದ ಶಿವಸೇನೆ–ಬಿಜೆಪಿ ಸರ್ಕಾರ ಒಂದು ರೂಪಾಯಿಗೆ ಜುಣಕಾ–ಭಾಕರಿ ಕೊಟ್ಟಿತು. ಕಡಲೆಹಿಟ್ಟಿನ ಜುಣಕ, ಜೋಳದ ರೊಟ್ಟಿ ನಮ್ಮ ವಿಜಯಪುರ, ಬೆಳಗಾವಿ ಹೊಲಗಳ ಬುತ್ತಿಯೂ ಹೌದು. ನಾರು, ಪ್ರೋಟೀನು, ಅಗ್ಗ, ಊರಿನದು. ಇಂದಿನ ಯಾವ ಆಹಾರತಜ್ಞರೂ ಬೆರಳು ತೋರಿಸಲಾಗದ ತಟ್ಟೆ. ಕೆಲವೇ ವರ್ಷಗಳಲ್ಲಿ ಯೋಜನೆ ಮುಗಿದುಹೋಯಿತು. 2020ರ ಜನವರಿ 26ರಂದು ಹತ್ತು ರೂಪಾಯಿಯ ಶಿವಭೋಜನ ಥಾಲಿ ಬಂತು: ಚಪಾತಿ, ಪಲ್ಯ, ಅನ್ನ, ಬೇಳೆ. ಅದಕ್ಕೆ ಸರದಿಯಲ್ಲಿ ನಿಲ್ಲಬೇಕು, ಕೂತು ಉಣ್ಣಬೇಕು. ವಡಾಪಾವಿಗೆ ಎರಡೂ ಬೇಡ.

ಮೈದಾ, ಎಣ್ಣೆ, ಆಲೂಗಡ್ಡೆ ಒಂದೇ ತುತ್ತಿನಲ್ಲಿ ಸೇರಿದ ತಿಂಡಿ ದಿನವೂ ತಿನ್ನುವಂಥದ್ದಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ತಿನ್ನುವವನಿಗೆ ಇನ್ಸುಲಿನ್ ಪಾಠ ಹೇಳಿ ಪ್ರಯೋಜನವೂ ಇಲ್ಲ. ಅದೇ ಬೆಲೆಗೆ, ಅಷ್ಟೇ ಬೇಗ, ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದಾದ ಬೇರೊಂದು ತಿಂಡಿ ಸ್ಟೇಷನ್ ಬ್ರಿಡ್ಜಿನ ಕೆಳಗೆ ಸಿಗಬೇಕು. ಕಾಳಿನ ಉಸಲ್ ಸುತ್ತಿದ ಜೋಳದ ರೊಟ್ಟಿಯೋ, ಹೆಸರುಬೇಳೆ ದೋಸೆಯೋ, ಬೇಯಿಸಿದ ಮೊಟ್ಟೆಯೋ ಆದೀತು. ತಿಂಡಿಯ ವ್ಯಾಪಾರದಲ್ಲಿ ಮುಂಬೈಯನ್ನು ಗೆದ್ದ ಉಡುಪಿಯವರಿಗೂ ವಡಾಪಾವ್ ಕಟ್ಟಿದ ದಾದರ್‌ನವರಿಗೂ ಅಂಥದ್ದೊಂದನ್ನು ಕಂಡುಹಿಡಿಯುವ ಕೈಗುಣವಿದೆ. ಏನು ತಿನ್ನಬೇಕು ಎಂದು ಹೇಳುವವರು ಈಗ ಬೇಕಾದಷ್ಟು ಜನರಿದ್ದಾರೆ, 6.40ರ ಫಾಸ್ಟ್ ಲೋಕಲ್ ತಪ್ಪದಂತೆ ಅದನ್ನು ತಿನ್ನಿಸುವವರು ಬೇಕಾಗಿದ್ದಾರೆ.