ನೀರಿನಡಿಯ ಕಪ್ಪು ಗೆರೆ

ಡಿಸೆಂಬರ್ ತಿಂಗಳ ಬೆಳಗಿನ ಐದೂವರೆ. ಹಾಲಿನ ಬೂತಿನ ಮುಂದೆ ಮಫ್ಲರ್ ಸುತ್ತಿಕೊಂಡ ಇಬ್ಬರು ಬಿಟ್ಟರೆ ಬೀದಿಯಲ್ಲಿ ಯಾರೂ ಇಲ್ಲ. ದಕ್ಷಿಣ ಬೆಂಗಳೂರಿನ ಆ ಈಜುಕೊಳದ ಗೇಟಿನ ಬಳಿ ಮಾತ್ರ ಆಗಲೇ ಸ್ಕೂಟರುಗಳ ಸಾಲು. ಒಳಗೆ ದೀಪದ ಬೆಳಕಿನಲ್ಲಿ ನೀರಿನ ಮೇಲಿಂದ ತೆಳ್ಳಗೆ ಹಬೆ ಏಳುತ್ತಿದೆ, ಕ್ಲೋರಿನ್ ವಾಸನೆ ಮೂಗಿಗೆ ಅಡರುತ್ತದೆ. ಹದಿನಾಲ್ಕರ ಹುಡುಗಿಯೊಬ್ಬಳು ಸ್ವೆಟರ್ ಬಿಚ್ಚಿ ಬೆಂಚಿನ ಮೇಲಿಟ್ಟು, ಗಾಗಲ್ಸಿನ ಒಳಗೆ ಉಗುಳು ಹಚ್ಚಿ ಬೆರಳಿನಿಂದ ತಿಕ್ಕುತ್ತಾಳೆ. ಮಂಜು ಕಟ್ಟದಿರಲು ಈಜುವ ಮಕ್ಕಳೆಲ್ಲ ಮಾಡುವ ಕೆಲಸ ಅದು. ಮೈ ಗಡಗಡ ನಡುಗುತ್ತಿದೆ. ಸೀಟಿ ಕೇಳಿದ್ದೇ ತಡ, ನೀರಿಗೆ ಬಿದ್ದಳು.

ಕೋಚ್ ಬಿಳಿ ಹಲಗೆಯ ಮೇಲೆ ಇವತ್ತಿನ ಸೆಟ್ ಬರೆದಿದ್ದಾರೆ: ನೂರು ಮೀಟರಿನವು ಹತ್ತು, ಒಂದೂವರೆ ನಿಮಿಷಕ್ಕೆ ಒಂದರಂತೆ. ಬೇಗ ಮುಗಿಸಿದರೆ ಉಸಿರಾಡಲು ನಾಲ್ಕು ಸೆಕೆಂಡು ಹೆಚ್ಚು ಸಿಗುತ್ತದೆ. ನಿಧಾನವಾದರೆ ಅದೂ ಇಲ್ಲ. ಮೊದಲ ಮೂರು ಸಲೀಸು. ಆರನೆಯದಕ್ಕೆ ಭುಜ ಉರಿಯಲು ಶುರು. ಎಂಟನೆಯದಕ್ಕೆ ಗೋಡೆ ಹಿಡಿದಾಗ ಅವಳ ಮುಖ ಕೆಂಪಗಾಗಿದೆ, ಬಾಯಿ ಅಗಲವಾಗಿ ತೆರೆದಿದೆ, ಕಣ್ಣು ಗೋಡೆಗಡಿಯಾರದ ಕೆಂಪು ಮುಳ್ಳಿನ ಮೇಲಿದೆ. ಕಾಲು ಹಿಡಿದುಕೊಂಡಿದೆ ಅಂತ ಹೇಳಿ ಎದ್ದುಬಿಟ್ಟರೆ ಯಾರೂ ಬೈಯುವುದಿಲ್ಲ. ಮುಳ್ಳು ಅರವತ್ತಕ್ಕೆ ಬರುತ್ತದೆ. ಅವಳು ಮತ್ತೆ ಗೋಡೆ ಒದ್ದು ಹೊರಡುತ್ತಾಳೆ.

ಕಬಡ್ಡಿ ಆಡುವ ಹುಡುಗನಿಗೆ ಪಕ್ಕದವನ ಕೂಗು ಕೇಳುತ್ತದೆ, ಹಾಕಿ ಹುಡುಗಿಗೆ ಚೆಂಡು ಕೊಡುವವರಿರುತ್ತಾರೆ. ಇಲ್ಲಿ ತಲೆ ನೀರೊಳಗೆ. ಕಿವಿಗೆ ತನ್ನದೇ ಉಸಿರಿನ ಗುಳ್ಳೆಗಳ ಸದ್ದು, ಕಣ್ಣಿಗೆ ಕೊಳದ ತಳದಲ್ಲಿ ಬಳಿದ ಕಪ್ಪು ಗೆರೆ. ಗೆರೆ ಮುಗಿದು ಅಡ್ಡಗೆರೆ ಬಂದರೆ ಗೋಡೆ ಇನ್ನು ಎರಡು ಮೀಟರ್. ಐವತ್ತು ಮೀಟರಿನ ಕೊಳದಲ್ಲಿ ಐದು ಕಿಲೋಮೀಟರ್ ಈಜುವುದೆಂದರೆ ಆ ಗೆರೆಯನ್ನು ನೂರು ಸಲ ನೋಡುವುದು. ದೇಹದ ದಣಿವನ್ನು ಬಾಳೆಹಣ್ಣು, ನಿದ್ದೆ ಕಳೆಯುತ್ತವೆ. ಈ ಒಂಟಿತನವನ್ನು ಅವಳು ತಾನೇ ಪಳಗಿಸಿಕೊಳ್ಳಬೇಕು. ಕೆಲವರು ಒಳಗೊಳಗೇ ಹಾಡು ಹೇಳಿಕೊಳ್ಳುತ್ತಾರೆ, ಕೆಲವರು ಕೈಬೀಸು ಎಣಿಸುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕಲ್ ಫೆಲ್ಪ್ಸ್‌ನ ಗಾಗಲ್ಸಿಗೆ ನೀರು ತುಂಬಿ ಗೋಡೆಯೇ ಕಾಣದಾಯಿತು. ಅವನು ಕೈಬೀಸು ಎಣಿಸುತ್ತಲೇ ಗುರಿ ಮುಟ್ಟಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದ. ಈ ಕಥೆ ಹೇಳುವಾಗ ಮಕ್ಕಳ ಕಣ್ಣು ಹೊಳೆಯುತ್ತದೆ. ಅದೇ ಫೆಲ್ಪ್ಸ್ ಮುಂದೆ, ಖಿನ್ನತೆಯಲ್ಲಿ ಬದುಕೇ ಬೇಡ ಅನಿಸಿತ್ತು ಎಂದು ಬಹಿರಂಗವಾಗಿ ಹೇಳಿಕೊಂಡಿದ್ದನ್ನೂ ಅವರಿಗೆ ಹೇಳಬೇಕು.

ಏಳೂವರೆಗೆ ಮೆಟ್ಟಿಲ ಮೇಲೆ ಗಡಿಬಿಡಿ. ಅಮ್ಮ ಚಪಾತಿ ಸುರುಳಿಯ ಡಬ್ಬಿ ಬಿಚ್ಚಿ, ಒಂದು ಕೈಯಲ್ಲಿ ಟವೆಲ್ಲಿನಿಂದ ಮಗಳ ತಲೆ ಒರೆಸುತ್ತಿದ್ದಾರೆ. ಹಸಿ ಕೂದಲಿಗೇ ಜಡೆ, ಯೂನಿಫಾರ್ಮ್, ಶಾಲೆಯ ಬ್ಯಾಗು. ಎರಡನೇ ಪೀರಿಯಡ್ಡಿನ ಗಣಿತದಲ್ಲಿ ರೆಪ್ಪೆ ತಾನಾಗಿ ಮುಚ್ಚುತ್ತದೆ. ಸಂಜೆ ಮತ್ತೆ ಕೊಳ. ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು, ಹೀಗಾಗಿ ಗೆಳತಿಯ ಹುಟ್ಟುಹಬ್ಬ, ಚಿಕ್ಕಪ್ಪನ ಮಗಳ ಮದುವೆಯ ಆರತಕ್ಷತೆ, ಬೇಸಿಗೆ ರಜದ ಅಜ್ಜಿ ಮನೆ ಎಲ್ಲವೂ ಕೈಬಿಟ್ಟು ಹೋಗುತ್ತವೆ. ಇದನ್ನು ತ್ಯಾಗ ಎಂದು ದೊಡ್ಡವರು ಹೊಗಳುತ್ತಾರೆ. ಅವಳಿಗೆ ಅದು ತ್ಯಾಗ ಅನಿಸುವುದೇ ಇಲ್ಲ, ನೀರೆಂದರೆ ಅಷ್ಟು ಇಷ್ಟ. ಇಷ್ಟವಿರುವವರೆಗೆ ಚಿಂತೆಯಿಲ್ಲ.

ಚಿಂತೆ ಶುರುವಾಗುವುದು ಟೈಮಿಂಗ್ ಸುಧಾರಿಸುವುದು ನಿಂತಾಗ. ಹನ್ನೆರಡಕ್ಕೆ ರಾಜ್ಯಮಟ್ಟದಲ್ಲಿ ಗೆದ್ದವಳು ಹದಿನಾಲ್ಕಕ್ಕೆ ಅಲ್ಲೇ ನಿಲ್ಲುತ್ತಾಳೆ. ಮೈ ಬೆಳೆಯುತ್ತಿದೆ, ಸೊಂಟ ಅಗಲವಾಗಿದೆ, ತೂಕ ಏರಿದೆ. ನೀರಿನಲ್ಲಿ ಸಮತೋಲವನ್ನು ಹೊಸದಾಗಿ ಕಲಿಯಬೇಕು. ತಿಂಗಳ ಮುಟ್ಟಿನ ದಿನ ಸೆಟ್ ಭಾರವಾದರೆ, ಪುರುಷ ಕೋಚ್‌ಗೆ ಹೇಗೆ ಹೇಳುವುದೆಂದು ತಿಳಿಯದೆ ಹುಡುಗಿಯರು ಹಲ್ಲು ಕಚ್ಚಿ ಈಜುತ್ತಾರೆ. ಕಳೆದ ವರ್ಷ ಹಿಂದಿದ್ದ ಹುಡುಗನೊಬ್ಬ ಈಗ ಆರಡಿಯಾಗಿ ಪಕ್ಕದ ಲೇನಿನಲ್ಲಿ ಮುಂದೆ ಹೋಗುತ್ತಾನೆ. ಇದು ಬೆಳವಣಿಗೆಯ ಒಂದು ಘಟ್ಟ, ಎಷ್ಟೋ ಮಂದಿ ದಾಟಿದ ಘಟ್ಟ ಎಂದು ಆಗ ಯಾರಾದರೂ ಕೂತು ಹೇಳಬೇಕು. ಹೇಳದಿದ್ದರೆ ಮಗು ತನಗೆ ತಾನೇ ಕಾರಣ ಹುಡುಕಿಕೊಳ್ಳುತ್ತದೆ: ನಾನು ಸೋಮಾರಿ, ನಾನು ದಪ್ಪ, ನನ್ನಿಂದಾಗದು. ಅರ್ಧ ಚಪಾತಿ ಡಬ್ಬಿಯಲ್ಲೇ ಉಳಿಯತೊಡಗುವುದು ಇಂಥ ದಿನಗಳಲ್ಲಿ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಬರುತ್ತದೆ, ಲೇನುಗಳು ಒಂದೊಂದಾಗಿ ಖಾಲಿಯಾಗುತ್ತವೆ.

ಸ್ಪರ್ಧೆಯ ದಿನ ನೋಡಿ. ಬ್ಲಾಕಿನ ಮೇಲೆ ಬಾಗಿ ನಿಂತವಳ ಹೆಬ್ಬೆರಳು ಅಂಚನ್ನು ಹಿಡಿದಿದೆ, ಮೀನಖಂಡ ಸಣ್ಣಗೆ ಅದುರುತ್ತಿದೆ. ಸಂಕೇತಕ್ಕೆ ಮೊದಲು ಅಲುಗಿದರೆ ಸ್ಪರ್ಧೆಯಿಂದ ಹೊರಗೆ. ವರ್ಷವಿಡೀ ನಸುಕಿನಲ್ಲಿ ಎದ್ದದ್ದು ಒಂದು ನಿಮಿಷದ ಚಿಲ್ಲರೆ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಗೋಡೆ ಮುಟ್ಟಿ ಗಾಗಲ್ಸ್ ಮೇಲೆತ್ತಿ ಮೊದಲು ಬೋರ್ಡ್ ನೋಡುತ್ತಾಳೆ, ಆಮೇಲೆ ಗ್ಯಾಲರಿಯಲ್ಲಿ ಅಪ್ಪನ ಮುಖ. ಆ ಎರಡನೇ ನೋಟ ನನ್ನನ್ನು ಕಾಡುತ್ತದೆ. ಹೊರಗೆ ಬಂದವಳಿಗೆ ಅಪ್ಪ ಕೇಳುವುದು ಒಂದೇ ಮಾತು, "ಎಷ್ಟು ಬಂತು ಪುಟ್ಟಿ?"

ಆ ಪ್ರಶ್ನೆಯಲ್ಲಿ ದುರುದ್ದೇಶವಿಲ್ಲ. ಸಾಲ ಮಾಡಿ, ನಿದ್ದೆಗೆಟ್ಟು ಕರೆದುಕೊಂಡು ಬಂದ ಅಪ್ಪ. ಆದರೆ ದಿನವೂ ಅದನ್ನೇ ಕೇಳಿಸಿಕೊಂಡ ಮಗು, ತಾನು ಅಂದರೆ ಆ ಅಂಕಿ ಎಂದುಕೊಳ್ಳುತ್ತದೆ. ಎಳೆಯ ಕ್ರೀಡಾಪಟು ಹೊರುವ ಭಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಈಜುಗಾರ್ತಿ ನಿಶಾ ಮಿಲ್ಲೆಟ್, 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಶಿಖಾ ಟಂಡನ್ ಹೋದದ್ದು ಬೆಂಗಳೂರಿನಿಂದಲೇ. 2024ರಲ್ಲಿ 14 ವರ್ಷದ ಧಿನಿಧಿ ದೇಸಿಂಗು ಭಾರತ ತಂಡದ ಅತಿ ಕಿರಿಯಳಾಗಿ ಪ್ಯಾರಿಸ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದಳು. ಅವರ ಚಿತ್ರಗಳು ಮಕ್ಕಳಿಗೆ ಹುಮ್ಮಸ್ಸು ಕೊಡಲಿ, ಗಡುವು ಕೊಡುವುದು ಬೇಡ. ನಡುವೆ ನಿಲ್ಲುವುದೂ ಸೋಲಲ್ಲ. ಜಗತ್ತಿನ ಶ್ರೇಷ್ಠ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೊದಲ್ಲಿ ಮನಸ್ಸು ಸರಿಯಿಲ್ಲವೆಂದು ತಂಡದ ಫೈನಲ್ ಅರ್ಧಕ್ಕೇ ಬಿಟ್ಟಳು, ಮೂರು ವರ್ಷದ ಮೇಲೆ ಪ್ಯಾರಿಸ್ಸಿಗೆ ಮರಳಿ ಮೂರು ಚಿನ್ನ ಗೆದ್ದಳು.

ಮೆಟ್ಟಿಲ ಮೇಲೆ ಕಾಯುವ ಅಪ್ಪ ಅಮ್ಮಂದಿರಲ್ಲಿ ನನ್ನ ವಿನಂತಿ ಇಷ್ಟೇ. ಟೈಮಿಂಗ್ ಕೋಚ್ ಪುಸ್ತಕದಲ್ಲಿದೆ, ಮಗುವಿಗೂ ಬಾಯಿಪಾಠವಾಗಿದೆ. ಊಟದ ತಟ್ಟೆಯ ಮುಂದೆ ಅದನ್ನು ತರಬೇಡಿ. ಸಾಕು ಎಂದು ಮಗು ಹೇಳಿದರೆ ಬೈಯದೆ ಕೇಳಿಸಿಕೊಳ್ಳಿ. ನಿದ್ದೆ, ಊಟ, ಮಾತು ಕಡಿಮೆಯಾದರೆ ಭುಜನೋವಿಗೆ ಫಿಸಿಯೋ ಬಳಿ ಹೋದಷ್ಟೇ ಸಹಜವಾಗಿ ಆಪ್ತಸಮಾಲೋಚಕರ ಬಳಿ ಕರೆದುಕೊಂಡು ಹೋಗಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.